ಚನ್ನವೀರಪ್ಪ ಕಾಕಾ ಹೇಳದ ಅಂಕಿ

ಚನ್ನವೀರಪ್ಪ ಕಾಕಾ ನನ್ನನ್ನು ಟ್ಯೂಷನ್ನಿಗೆ ಗೊತ್ತು ಮಾಡುವ ಮೊದಲು ನನ್ನ ಹಲ್ಲು ನೋಡಿದರು. ನಾನು ಡಿ.ಇಡಿ. ಮುಗಿಸಿದವಳು. ಶಿಗ್ಗಾಂವದ ನಮ್ಮ ಓಣಿಯಲ್ಲಿ ಆರು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು. ಅಂಕಪಟ್ಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವರ ಎದುರಿಗೆ ಇಟ್ಟಿದ್ದೆ. ಅವರು ಅದನ್ನು ಮುಟ್ಟಲಿಲ್ಲ. "ಸ್ವಲ್ಪ ನಗವಾ ಗುಲ್ನಾರ" ಎಂದರು. ನಾನು ಏನೋ ಇರಬೇಕೆಂದು ನಕ್ಕೆ. ಅವರು ಕುತ್ತಿಗೆ ಚಾಚಿ ನೋಡಿ, ಪಕ್ಕದಲ್ಲಿ ಕೂತಿದ್ದ ನನ್ನ ಅಬ್ಬಾ ಕರೀಮಸಾಬರ ಕಡೆ ತಿರುಗಿ, "ಬಾಯಿಗೂಡೈತಿ" ಎಂದರು. ಹಲ್ಲೆಲ್ಲ ಬಂದು ದುಡಿಮೆಗೆ ತಯಾರಾದ ಎತ್ತಿಗೆ ಹೇಳುವ ಮಾತು ಅದು. ಅಬ್ಬಾ ಹೆಮ್ಮೆಯಿಂದ ತಲೆಯಾಡಿಸಿದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚನ್ನವೀರಪ್ಪ ಕಾಕಾ ದನದ ದಲಾಲಿ. ನಲವತ್ತು ವರ್ಷದಿಂದ ಅದೇ ಉದ್ಯೋಗ. ಸವಣೂರು, ಹಾನಗಲ್ಲ, ಹಿರೇಕೆರೂರು, ಎಲ್ಲಿ ದನದ ಸಂತೆ ಕೂಡಿದರೂ ಬಿಳಿ ಧೋತರ, ಬಿಳಿ ಟೋಪಿ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ ಹಾಕಿಕೊಂಡು ಮೊದಲ ಬಸ್ಸಿಗೆ ಹೋಗಿ ಇಳಿಯುತ್ತಾರೆ. ನನ್ನ ಅಬ್ಬಾನದೂ ಅದೇ ದಂಧೆ. ಅಬ್ಬಾ ಮಾರುವವರ ಕಡೆ, ಕಾಕಾ ಕೊಳ್ಳುವವರ ಕಡೆ. ದಿನವೆಲ್ಲ ಎದುರುಬದುರು ಕೂತು ಜಗ್ಗಾಡಿ, ಸಂಜೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ತೂಕಡಿಸುತ್ತ ಊರಿಗೆ ಬರುತ್ತಾರೆ. ನಮ್ಮ ಮನೆಯ ಮಾತು ಉರ್ದು. ಆದರೆ ದಂಧೆಯ ವಿಷಯ ಬಂದರೆ ಅಬ್ಬಾ ಮನೆಯಲ್ಲೂ ಕನ್ನಡದಲ್ಲೇ ಆಡುತ್ತಾರೆ. ಎತ್ತಿಗೆ ಉರ್ದು ತಿಳಿಯುವುದಿಲ್ಲ ಎಂಬುದು ಅವರ ನಂಬಿಕೆ.

ಆ ಟವೆಲ್ಲಿನ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದನದ ಸಂತೆಯಲ್ಲಿ ರೇಟನ್ನು ಬಾಯಿಂದ ಆಡುವುದಿಲ್ಲ. ಇಬ್ಬರು ದಲಾಲರು ಕೈ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು, ಮುಂಗೈ ಹಿಡಿದರೆ ಹತ್ತು. ಮುಖ ಮಾತ್ರ ಎಲ್ಲೋ ನೋಡುತ್ತಿರುತ್ತದೆ. ಸುತ್ತ ನಿಂತ ನೂರು ಜನರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಕೈಯಲ್ಲಿ ಆದ ಅಂಕಿಯನ್ನು ಆಮೇಲೆ ಯಾರ ಮುಂದೂ ಹೇಳುವಂತಿಲ್ಲ. ಯಾರಾದರೂ ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಸುಮ್ಮನಿರುವುದೂ ಸೌಜನ್ಯವಲ್ಲ. ಆದ್ದರಿಂದ ದಲಾಲಿ ಖರೆಯದನ್ನು ಬಿಟ್ಟು ಬೇರೆ ಯಾವುದೋ ಅಂಕಿ ಹೇಳುತ್ತಾನೆ. ಕೇಳಿದವನಿಗೂ ಅದು ಗೊತ್ತು, ಅವನು ಸಮಾಧಾನದಿಂದ ಹೋಗುತ್ತಾನೆ. ಇದು ಸುಳ್ಳಲ್ಲ, ಮರ್ಯಾದೆ ಎಂದು ಅಬ್ಬಾ ಹೇಳುತ್ತಾರೆ.

ಅಬ್ಬಾ ಈ ಮರ್ಯಾದೆಯನ್ನು ಸಂತೆಯಲ್ಲೇ ಬಿಟ್ಟು ಬರುತ್ತಾರೆ. ಕಾಕಾನಿಗೆ ಅದು ಮೈಗೆ ಹತ್ತಿಬಿಟ್ಟಿದೆ. ಚಹಾದಂಗಡಿಯಲ್ಲಿ ಎಷ್ಟು ಚಹಾ ಎಂದರೆ ಅಂಗಡಿಯವನ ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಳ್ಳುತ್ತಾರೆ. ಎಷ್ಟು ಟಿಕೆಟ್ ಎಂದು ಕೇಳಿದ ಕಂಡಕ್ಟರನ ಗತಿಯೂ ಅಷ್ಟೇ. ಇನ್ನೊಂದು ರೊಟ್ಟಿ ಬೇಕೋ ಎರಡೋ ಎಂಬುದನ್ನು ಅವರ ಹೆಂಡತಿ ಸುಶೀಲವ್ವ ಮದುವೆಯಾದ ಮೊದಲ ವಾರದಿಂದ ಬೆರಳಿನಿಂದಲೇ ತಿಳಿದುಕೊಂಡವರು. ಕೈ ಹಿಡಿಯಲು ಆಗದ ಕಡೆ ಬಾಯಿ ಬಿಡಬೇಕಾಗಿ ಬಂದರೆ ತಪ್ಪು ಅಂಕಿಯೇ ಬರುತ್ತದೆ. ದವಾಖಾನೆಯಲ್ಲಿ ವಯಸ್ಸು ಕೇಳಿದರೆ ಒಮ್ಮೆ ನಲವತ್ತೆಂಟು, ಒಮ್ಮೆ ತೊಂಬತ್ತು. ಗಂಟೆ ಎಷ್ಟು ಎಂದರೆ ಕೈಗಡಿಯಾರವನ್ನು ಸರಿಯಾಗಿ ನೋಡಿಯೇ ಬೇರೆಯದು ಹೇಳುತ್ತಾರೆ. ಅವರನ್ನು ಕೇಳಿ ಬಸ್ಸು ತಪ್ಪಿಸಿಕೊಂಡವರು ನಮ್ಮ ಓಣಿಯಲ್ಲಿ ಬಹಳ ಮಂದಿ ಇದ್ದಾರೆ.

ಇಂಥವರಿಗೆ ಒಬ್ಬಳು ಮೊಮ್ಮಗಳು. ಹೆಸರು ಐಶ್ವರ್ಯ. ಓಣಿಯ ಸರಕಾರಿ ಶಾಲೆಯಲ್ಲಿ ಮೂರನೆಯ ತರಗತಿ. ಮನೆಯಲ್ಲಿ ಆಕೆಯ ಬಾಯಿ ನಿಲ್ಲುವುದಿಲ್ಲ. ಕರುವಿನ ಜೊತೆ ಮಾತು, ನಳದ ಜೊತೆ ಮಾತು, ಟೀವಿಯಲ್ಲಿ ಸುದ್ದಿ ಓದುವವರಿಗೆ ತಿರುಗಿ ಉತ್ತರ. ಆದರೆ ಶಾಲೆಯ ಗೇಟು ದಾಟಿದರೆ ಮುಗಿಯಿತು. ಮೂರು ವರ್ಷದಲ್ಲಿ ಆ ಗೇಟಿನ ಒಳಗೆ ಆಕೆ ಒಂದಕ್ಷರ ಆಡಿರಲಿಲ್ಲ. ಹಾಜರಿ ಕರೆದರೆ ಎದ್ದು ನಿಲ್ಲುತ್ತಾಳೆ, ಬರೆ ಎಂದರೆ ಬರೆಯುತ್ತಾಳೆ, ಹೇಳು ಎಂದರೆ ನೆಲ ನೋಡುತ್ತಾಳೆ. ಸಂಜೆ ಗೇಟಿನ ಆಚೆ ಒಂದು ಕಾಲು ಇಟ್ಟ ಕೂಡಲೇ ಅರ್ಧಕ್ಕೆ ಬಿಟ್ಟಿದ್ದ ಮಾತು ಮತ್ತೆ ಸುರುವಾಗುತ್ತದೆ.

ಹೆಡ್‌ಮಾಸ್ತರ ಕುಬೇರಪ್ಪನವರು ಒಳ್ಳೆಯ ಮನುಷ್ಯ, ಆದರೆ ದಾಖಲೆಗೆ ಹೆದರುವವರು. ಡಿಸೆಂಬರಿನಲ್ಲಿ ಅವರು ಕಾಕಾನನ್ನೂ ಮಗ ಸಂಜಯನನ್ನೂ ಕರೆಸಿದರು.

"ಮೌಖಿಕ ಪರೀಕ್ಷಾದಾಗ ಮೂರ ವರ್ಷದಿಂದ ಗೀಟ ಹಾಕ್ಕೋಂತ ಬಂದೇನ್ರಿ" ಎಂದರು. "ಮಾರ್ಚಿನಾಗ ಮ್ಯಾಲಿನ ಸಾಹೇಬ್ರು ಬರ್ತಾರ. ಅವರ ಮುಂದ ಹುಡುಗಿ ಒಂದರ ಉತ್ತರಾ ಕೊಡಬೇಕು. ಇಲ್ಲಾಂದ್ರ ಮಾತು ಬಾರದ ಮಗು ಅಂತ ಬರೀತಾರ. ಅಂಥಾ ಮಕ್ಕಳದು ಹಾಸ್ಟೆಲ್ ಶಾಲಿ ಬ್ಯಾರೇನ ಐತಿ, ಅಲ್ಲಿಗೆ ಕಳಸ್ರಿ ಅಂತಾರ."

ಸಂಜಯ ಹೆದ್ದಾರಿಯಲ್ಲಿ ಬಸ್ಸು ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿರುತ್ತಾನೆ. ಮಗಳ ಚಿಂತೆ ಅವನಿಗೂ ಇತ್ತು. "ಅಲ್ಲೆ ತಿಳಿದವರು ಇರ್ತಾರಪ್ಪಾ, ನಮಗೇನ್ ತಿಳೀತೈತಿ, ಕಳಸೂಣು" ಎಂದ. ಕಾಕಾ ಮಗನ ಮುಖ ನೋಡಲಿಲ್ಲ. ಕಿವಿ ಕೇಳದ ಮಕ್ಕಳ ನಡುವೆ ಹೋಗಿ ಕೂತು, ಅಷ್ಟು ಮಾತಾಡುವ ಹುಡುಗಿ ಯಾರಿಗೆ ಏನು ಹೇಳಬೇಕು ಎಂಬುದೇ ಅವರಿಗೆ ಹತ್ತಿದ ಪ್ರಶ್ನೆ. ಕರುವಿಗೆ ರಾತ್ರಿಯ ಮೇವು ಹಾಕುವಾಗ ಆ ಧ್ವನಿ ಇಲ್ಲದಿದ್ದರೆ ತಾನು ಬದುಕುವುದು ಹೇಗೆ ಎಂಬುದು ಎರಡನೆಯದು. ಇವೆರಡನ್ನೂ ಅವರು ಸುಶೀಲವ್ವನ ಮುಂದೆ ಹೇಳಿದ್ದರಂತೆ. ಮಾಸ್ತರರ ಮುಂದೆ ಮಾತ್ರ "ಮಾರ್ಚ ಅಂದ್ರ ಭಾಳ ದಿನಾ ಐತಿ" ಎಂದು ಟವೆಲ್ ಕೊಡವಿ ಎದ್ದರು.

ಮಾತಿನ ತರಬೇತಿ ಕೊಡುವ ಡಾಕ್ಟರನ್ನು ಹುಡುಕುವ ಕೆಲಸ ಸುರುವಾಯಿತು. ಅದನ್ನು ಕಾಕಾ ತಮಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದರು. ಹುಬ್ಬಳ್ಳಿಯ ಒಬ್ಬರು ಹುಡುಗಿಯ ಕಿವಿ, ನಾಲಿಗೆ ಎಲ್ಲ ಪರೀಕ್ಷಿಸಿ, ಏನೂ ದೋಷವಿಲ್ಲ, ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ, ನಿಧಾನವಾಗಿ ಸರಿಹೋಗುತ್ತದೆ ಎಂದರು. ಅವರು ಅದನ್ನು ವಿವರಿಸುತ್ತಿರುವಾಗ ಕಾಕಾ ಎದ್ದು ಅವರ ಕುರ್ಚಿಯ ಹಿಂದೆ ಹೋಗಿ ನಿಂತರು. ಆ ಡಾಕ್ಟರಿಗೆ ನೆತ್ತಿಯ ಮೇಲೆ ಎರಡು ಸುಳಿ. ಎತ್ತಿಗೆ ಅಂಥ ಜಾಗದಲ್ಲಿ ಅಂಥ ಸುಳಿ ಇದ್ದರೆ ಕಾಕಾ ಹಗ್ಗವನ್ನೂ ಮುಟ್ಟುವುದಿಲ್ಲ. "ಮನಷ್ಯಾ ಚಲೋ ಅದಾನ, ಸುಳಿ ಸರಿ ಇಲ್ಲ" ಎಂದು ಕರೆದುಕೊಂಡು ಬಂದುಬಿಟ್ಟರು. ಸಂಜಯನ ಹೆಂಡತಿ ನೀಲಾ ಮೂರು ದಿನ ಮಾವನ ಜೊತೆ ಮಾತು ಬಿಟ್ಟಳು.

ಎರಡನೆಯವರು ಮೊಬೈಲಿನಲ್ಲಿ ಮುಖ ನೋಡಿ ಪಾಠ ಹೇಳುವ ತರುಣ. ಕಾಕಾ ಅವನಿಗೆ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಲು ಹೇಳಿದರು. ಪಾಪ, ಆತ ಎದ್ದು ನಡೆದ. ನಡೆದರೆ ಮೊಬೈಲಿನಲ್ಲಿ ಗೋಡೆ ಅಷ್ಟೇ ಉಳಿಯಿತು. ಆತ ತಿರುಗಿ ಬರುವವರೆಗೆ ಕಾಕಾ ಆ ಗೋಡೆಯನ್ನೇ ನೋಡುತ್ತ ಕೂತು, "ನಡಗಿ ಕಾಣದ ಹೆಂಗ ಒಪ್ಪೂದು" ಎಂದು ಮೊಬೈಲನ್ನು ಮಗುಚಿ ಇಟ್ಟರು.

ಮೂರನೆಯವಳು ನಾನು. ನಾನು ಡಾಕ್ಟರಲ್ಲ, ಈ ಕೆಲಸ ಕಲಿತವಳಲ್ಲ, ಬರೀ ಲೆಕ್ಕ ಮತ್ತು ಕನ್ನಡ ಹೇಳಿಕೊಡುತ್ತೇನೆ ಎಂದು ಸ್ಪಷ್ಟವಾಗಿಯೇ ಹೇಳಿದೆ. ಹಲ್ಲು ನೋಡಿದ್ದು ಆಗಲೇ. ಸುಳಿ ನೋಡಬೇಕಾಗಲಿಲ್ಲ, ನಾನು ಹುಟ್ಟಿದಾಗಲೇ ನೋಡಿದ್ದರಂತೆ. ಆಮೇಲೆ ಕಾಕಾನೂ ಅಬ್ಬಾನೂ ನಮ್ಮ ಅಂಗಳದ ಹೊರಸಿನ ಮೇಲೆ ಎದುರುಬದುರು ಕೂತು ಕೈ ಕೂಡಿಸಿ ಟವೆಲ್ ಮುಚ್ಚಿದರು. ನಾನು ಚಹಾದ ತಾಟು ಹಿಡಿದು ನಿಂತಿದ್ದೆ.

"ಎಷ್ಟ ವಾರದಾಗ ಮಾತಾಡಸ್ತಾಳ, ಅದನ್ನ ಗಟ್ಟಿ ಮಾಡ್ಕೋಳೂಣು" ಎಂದರು ಕಾಕಾ, ಬೇವಿನ ಗಿಡ ನೋಡುತ್ತ.

ಬಹಳ ಹೊತ್ತು ಕೂತರು. ಚಹಾ ಆರಿ ಮೇಲೆ ಕೆನೆ ಕಟ್ಟಿತು. ಅಬ್ಬಾ ಒಮ್ಮೆ ಕಣ್ಣು ಮುಚ್ಚಿದರು, ಕಾಕಾ ಗಿಡದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಟವೆಲ್ ಸರಿಯಿತು. ಇಬ್ಬರೂ ಆರಿದ ಚಹಾವನ್ನೇ ಕುಡಿದರು.

"ಎಷ್ಟು ವಾರ?" ಎಂದು ನಾನು ಕೇಳಿದೆ. ಕೆಲಸ ಮಾಡುವವಳು ನಾನು, ಕೇಳುವ ಹಕ್ಕು ಇತ್ತು.

"ಅದು ಕೈಯಾಗಿನ ಮಾತವಾ" ಎಂದರು ಅಬ್ಬಾ. ಕಾಕಾ ಟೋಪಿ ಸರಿಮಾಡಿಕೊಂಡು ಹೊರಟರು.

ಹೀಗೆ ನನಗೆ ಒಂದು ಗಡುವು ಬಿತ್ತು, ಅದು ಎಷ್ಟು ಎಂಬುದು ಮಾತ್ರ ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಸಂತೆಯಲ್ಲಿ ಹೂಡಿ ನೋಡಲೆಂದು ಒಯ್ದ ಎತ್ತು ಎಳೆಯದಿದ್ದರೆ ಅದನ್ನು ಮಾರಿದವರ ಬಾಗಿಲಿಗೆ ತಂದು ಕಟ್ಟಿ ಹೋಗುತ್ತಾರೆ. ನನ್ನನ್ನೂ ಒಂದು ದಿನ ಅಬ್ಬಾನ ಬಾಗಿಲಿಗೆ ಬಿಟ್ಟು ಹೋಗುತ್ತಾರೆಂದು ನನಗೆ ಹೆದರಿಕೆ. ನಗಬೇಡಿ, ಒಂದೇ ಓಣಿಯಲ್ಲಿ ಟ್ಯೂಷನ್ ಹೇಳಿ ಬದುಕುವವಳಿಗೆ ಹೆಸರು ಕೆಟ್ಟರೆ ಉಳಿಯುವುದು ಏನೂ ಇಲ್ಲ.

ಮೊದಲ ವಾರ ಅವರ ಮನೆಯಲ್ಲೇ ಪಾಠ ಹೇಳಿದೆ. ಹೇಳಿದೆ ಎನ್ನುವುದು ಸುಳ್ಳು, ಹುಡುಗಿ ಹೇಳಿದಳು, ನಾನು ಕೇಳಿದೆ. ಮಗ್ಗಿ ಹೇಳು ಎಂದರೆ ಹದಿಮೂರರವರೆಗೆ ಹೇಳಿ, ನನ್ನದೊಂದು ತಪ್ಪು ತಿದ್ದಿದಳು. ಶಾಲೆಯಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಕೇಳಿದರೆ, "ಅಲ್ಲೆ ಬಾಯಿ ಬರೂದಿಲ್ಲ ಟೀಚರ್" ಎಂದಳು. ಅಷ್ಟು ಮಾತಾಡುವವಳು ಅದರ ಮೇಲೆ ಒಂದು ಮಾತೂ ಸೇರಿಸಲಿಲ್ಲ. ಆಕೆ ಹಟ ಮಾಡುತ್ತಿಲ್ಲ ಎಂದು ನನಗೆ ಆಗ ತಿಳಿಯಿತು. ಪಾಠ ಆಗಬೇಕಾದ್ದು ಶಾಲೆಯ ಒಳಗೇ ಎಂದು ಕುಬೇರಪ್ಪ ಮಾಸ್ತರರನ್ನು ಒಪ್ಪಿಸಿ, ಮಧ್ಯಾಹ್ನ ಊಟದ ನಂತರ ಒಂದು ತಾಸು ತರಗತಿಯಲ್ಲಿ ಕೂರಲು ಸುರು ಮಾಡಿದೆ.

ಕಾಕಾನಿಗೂ ಒಂದು ವಿಚಾರ ಹೊಳೆಯಿತು. ಹೊಸ ಕೊಟ್ಟಿಗೆಯಲ್ಲಿ ಮೇವು ಮುಟ್ಟದ ಹೋರಿಗೆ ಅವರು ಮಾಡುವ ಉಪಾಯ ಒಂದೇ. ಹಳೆಯ ಗೂಟವನ್ನು ಕಿತ್ತು ತಂದು ಹೊಸ ಜಾಗದಲ್ಲಿ ಹೂಳುವುದು. ಮರುದಿನ ನಾನು ಹೋಗುವಷ್ಟರಲ್ಲಿ ಅವರು ಮನೆಯ ಗೂಟವನ್ನು ಶಾಲೆಯ ಬಯಲಿನಲ್ಲಿ, ಧ್ವಜದ ಕಟ್ಟೆಯಿಂದ ಸ್ವಲ್ಪ ಈಚೆ ಹೂಳಿ ಮುಗಿಸಿದ್ದರು. ಅದರ ಮರುದಿನ ಗೂಟಕ್ಕೆ ಕರು ಬಂತು. ಆಮೇಲೆ ಒಂದೊಂದಾಗಿ ಅಜ್ಜಿಯ ಹೊರಸು, ಮನೆಯ ಬಾಗಿಲ ಪರದೆ, ನೀರಿನ ತಂಬಿಗೆ. ಶುಕ್ರವಾರ ಸುಶೀಲವ್ವನೇ ರೊಟ್ಟಿ ಬುಟ್ಟಿ ಹಿಡಿದು ಬಂದು ವರಾಂಡದಲ್ಲಿ ಕೂತರು. "ಮನಿ ಬಿಟ್ಟು ಬಂದೇನಿ ಅನ್ನೂ ಹಂಗ ಇಲ್ಲ, ಅಲ್ಲೆ ಏನೂ ಉಳದಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಇಡೀ ಶಾಲೆ ಆ ಕರುವಿನ ಜೊತೆ ಮಾತಾಡಿತು. ಎರಡನೆಯ ತರಗತಿಯ ಒಬ್ಬ ಹುಡುಗ ಅದಕ್ಕೆ ಪ್ರಾರ್ಥನೆ ಹೇಳಿಕೊಟ್ಟ. ಐಶ್ವರ್ಯ ಮಾತ್ರ ತನ್ನದೇ ಕರುವನ್ನು ಎಲ್ಲೋ ನೋಡಿದ ಹಾಗಿದೆ ಎಂಬಂತೆ ದಾಟಿ ಹೋದಳು. ಒಂದು ವಾರವಾದ ಮೇಲೆ ಕರು ಹಾಜರಿ ಪುಸ್ತಕದ ಎರಡು ಹಾಳೆ ತಿಂದಿತು. ದಾಖಲೆ ಹೋದದ್ದು ಕುಬೇರಪ್ಪ ಮಾಸ್ತರರಿಗೆ ತಡೆಯಲಾಗಲಿಲ್ಲ. ಕರು, ಹೊರಸು, ಪರದೆ ಎಲ್ಲ ಮನೆಗೆ ಹೋಗಬೇಕು, ಬೇಕಾದರೆ ಅಜ್ಜ ಒಬ್ಬರೇ ಕೂರಲಿ ಎಂದು ಹೇಳಿದರು.

ಅಜ್ಜ ಕೂತರು. ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಮೊಮ್ಮಗಳ ಮಗ್ಗುಲಿಗೆ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು. ಸಂತೆ ಇಲ್ಲದ ದಿನವೆಲ್ಲ ಬಂದರು. ನಾನು ಪ್ರಶ್ನೆ ಕೇಳುತ್ತಿದ್ದೆ, ಹುಡುಗಿ ನೆಲ ನೋಡುತ್ತಿದ್ದಳು, ಕಾಕಾ ಕಿಟಕಿಯ ಆಚೆ ನೋಡುತ್ತಿದ್ದರು. ಜನವರಿ ಹೋಯಿತು, ಫೆಬ್ರವರಿ ಅರ್ಧ ಹೋಯಿತು. ಕಾಕಾ ದಾರಿಯಲ್ಲಿ ಎದುರಾಗಿ ಟವೆಲ್ ಸರಿಪಡಿಸಿಕೊಂಡರೆ ಸಾಕು, ಇವತ್ತೇ ನನ್ನ ಗಡುವು ಮುಗಿಯಿತೇನೋ ಎಂದು ಬಿರಬಿರನೆ ದಾಟಿ ಹೋಗುತ್ತಿದ್ದೆ. ಅಬ್ಬಾನಿಗೆ ಊಟಕ್ಕೆ ಬಡಿಸುವಾಗ ಕೇಳಿದೆ, ಮುನಿಸಿಕೊಂಡು ಕೇಳಿದೆ, ಒಮ್ಮೆ ಅತ್ತೂ ಕೇಳಿದೆ. ಅವರು ಬಾಯಿ ಬಿಡಲಿಲ್ಲ.

ಒಂದು ದಿನ ಏಳಕ್ಕೆ ಆರು ಕೂಡಿಸಿದರೆ ಎಷ್ಟು ಎಂದು ಕೇಳಿದೆ. ಉತ್ತರವಿಲ್ಲ. ಬೇಸರದಿಂದ ಬೋರ್ಡಿನ ಕಡೆ ತಿರುಗುವಾಗ ಕಾಕಾನ ತೊಡೆಯ ಮೇಲಿನ ಟವೆಲ್ಲಿನ ಅಂಚು ಸ್ವಲ್ಪ ಅಲುಗಿತು. ಗಾಳಿ ಇರಲಿಲ್ಲ. ದಲಾಲಿಯ ಮಗಳು ನಾನು, ಆ ಅಲುಗಾಟ ನನಗೆ ಗೊತ್ತು. ಹೋಗಿ ಹೇಳದೆ ಕೇಳದೆ ಟವೆಲ್ಲಿನೊಳಗೆ ಕೈ ಹಾಕಿದೆ. ಅಲ್ಲಿ ಒಂದು ಪುಟ್ಟ ಕೈ ಇತ್ತು. "ಏಳಕ್ಕ ಆರು ಕೂಡಿಸು" ಎಂದು ಮೆಲ್ಲಗೆ ಹೇಳಿದೆ. ಆ ಕೈ ನನ್ನ ಮುಂಗೈಯನ್ನು ಒಮ್ಮೆ ಹಿಡಿಯಿತು, ಆಮೇಲೆ ಮೂರು ಬೆರಳು. ಹುಡುಗಿಯ ಮುಖ ನೆಲ ನೋಡುತ್ತಿತ್ತು.

ತರಗತಿ ಬಿಟ್ಟ ಮೇಲೆ ಕಾಕಾನನ್ನು ವರಾಂಡಕ್ಕೆ ಕರೆದೆ. "ಎಷ್ಟ ದಿನದಿಂದ ಹಿಂಗ ಹೇಳಾಕತ್ತಾಳ್ರಿ ಆಕಿ?"

"ನಾಕ ದಿನ ಆತು."

ಅದರ ಅರ್ಥ ನಾಲ್ಕು ದಿನವಂತೂ ಅಲ್ಲ ಎಂದು. ಹುಡುಗಿ ಮನೆಯಲ್ಲಿ ಅಜ್ಜಿಗೆ ಹೇಳಿದ್ದಳಂತೆ, ಸುಶೀಲವ್ವನನ್ನು ಕೇಳಿದಾಗ ಖರೆ ಹೊರಬಿತ್ತು. ಕರು ಮನೆಗೆ ಹೋದ ಮರುದಿನದಿಂದಲೇ, ಅಂದರೆ ತಿಂಗಳ ಮೇಲಾಗಿತ್ತು. ನಾನು ಕೇಳಿದ ಒಂದೊಂದು ಪ್ರಶ್ನೆಗೂ ಹುಡುಗಿ ಉತ್ತರ ಕೊಟ್ಟಿದ್ದಾಳೆ, ಒಂದೂ ತಪ್ಪಿಲ್ಲದೆ. ಈ ಮನುಷ್ಯ ಅದನ್ನೆಲ್ಲ ಕೈಯಲ್ಲಿ ಇಸಿದುಕೊಂಡು ಕಿಟಕಿಯ ಆಚೆ ನೋಡುತ್ತ ಕೂತಿದ್ದಾರೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿರುಗಿ ಕಾಕಾನ ಹತ್ತಿರ ಹೋದೆ.

"ನಾ ರಾತ್ರಿ ನಿದ್ದಿಗೆಟ್ಟೇನ್ರಿ ಕಾಕಾ. ಒಂದ ಮಾತ ಹೇಳಾಕ ಏನಾಗಿತ್ತು?"

"ಆಕಿ ನನ್ನ ಕೈಯಾಗ ಹೇಳಿದ್ದವಾ ಅದು" ಎಂದರು ಕಾಕಾ. ಅವರಿಗೂ ನೋವಾಗಿತ್ತು, ಧ್ವನಿಯಲ್ಲಿ ತಿಳಿಯುತ್ತಿತ್ತು. "ನಂಬಿ ಕೈ ಕೊಟ್ಟಾಕಿದು ಗುಟ್ಟ ಒಡದ್ರ ನಾಳೆ ಕೈ ಕೊಡ್ತಾಳೇನು?"

ಹುಡುಗಿಯನ್ನೇ ಕೇಳಿದೆವು, ಮನೆಯಲ್ಲಿ. ಮಾಸ್ತರರಿಗೆ ಹೇಳಿದರೆ ಅಡ್ಡಿಯಿಲ್ಲ ಎಂದಳು.

ಕುಬೇರಪ್ಪ ಮಾಸ್ತರರು ಸಂತೋಷಪಟ್ಟರು, ಆಮೇಲೆ ದಾಖಲೆ ನೆನಪಾಗಿ ಮುಖ ಸಣ್ಣದಾಯಿತು. "ಮೌಖಿಕ ಅಂದ್ರ ಬಾಯಿಲೆ ಆಗಬೇಕಲ್ರಿ. ಕೈಲೆ ಅಂತ ಕಾಲಮ್ಮ ಇಲ್ಲ." ಆದರೂ ಅವರು ಬೆರಳಿನ ಲೆಕ್ಕ ಕಲಿತರು, ಹೊಸ ಟವೆಲ್ ತಂದರು. ಅಲ್ಲಿಗೆ ಕೆಲಸ ಕೆಟ್ಟಿತು. ಹುಡುಗಿಗೆ ಟವೆಲ್ ಇದೆ, ನಮಗೆ ಯಾಕಿಲ್ಲ ಎಂದು ಉಳಿದ ಮಕ್ಕಳು ಎದ್ದರು. ಒಬ್ಬೊಬ್ಬರೂ ಮನೆಯಿಂದ ಟವೆಲ್ ತಂದರು, ಒಬ್ಬ ತಾಯಿಯ ಸೀರೆಯ ತುಂಡನ್ನೇ ತಂದ. ಮಗ್ಗಿ ಕೇಳಿದರೆ ಕೈ ಚಾಚಿದರು. ಊಟಕ್ಕೆ ಬಡಿಸುವ ಕುಲಸುಮಬಿ ಎಷ್ಟು ಚಮಚ ಸಾರು ಎಂದು ಕೇಳಿದರೆ ಅವಳ ಬೆರಳು ಹಿಡಿದರು. ಬಿಸಿ ಸೌಟು ಹಿಡಿದ ಹೆಂಗಸು ಎಷ್ಟು ಮಕ್ಕಳಿಗೆ ಎಷ್ಟು ಕೈ ಕೊಡಬೇಕು? ಮಾರ್ಚ್ ಬರುವ ಹೊತ್ತಿಗೆ ಒಬ್ಬ ಹುಡುಗಿಯನ್ನು ಮಾತಾಡಿಸಲು ಹೋದ ನಾನು ಮೂವತ್ತು ಮಕ್ಕಳ ಮಾತು ನಿಲ್ಲಿಸಿದ್ದೆ. ಮೂರನೆಯ ತರಗತಿಯಷ್ಟು ಶಾಂತವಾದ ತರಗತಿ ಇಡೀ ತಾಲೂಕಿನಲ್ಲಿ ಇರಲಿಲ್ಲ.

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಕೈಯಲ್ಲಿ ಫೈಲು. ತರಗತಿಯ ಶಾಂತಿ ನೋಡಿ ಮೆಚ್ಚಿಕೊಂಡರು. ಐಶ್ವರ್ಯಳನ್ನು ಮುಂದೆ ಕರೆದರು. ಕಾಕಾನೂ ಆಕೆಯ ಜೊತೆ ಹೋಗಿ ನಿಂತು, ಸಾಹೇಬರ ಮುಂದೆ ಟವೆಲ್ ಬಿಚ್ಚಿ ಕೈ ಚಾಚಿದರು.

"ಏನಿದು?" ಎಂದರು ಸಾಹೇಬರು.

ಕುಬೇರಪ್ಪ ಮಾಸ್ತರರು ಬೆವರುತ್ತ ವಿವರಿಸಿದರು. ಸಾಹೇಬರು ಪೂರ್ತಿ ಕೇಳಿದರು. "ನಾ ದನದ ವ್ಯಾಪಾರಕ್ಕ ಬಂದಿಲ್ರಿ ಮಾಸ್ತರ" ಎಂದರು. ಆದರೆ ಕೆಟ್ಟ ಮನುಷ್ಯ ಅಲ್ಲ. ಹುಡುಗಿಯ ಮುಖ ನೋಡಿದರು, ಸ್ವಲ್ಪ ಮೆತ್ತಗಾದರು. "ಒಂದ ಕೆಲಸಾ ಮಾಡ್ರಿ. ಹುಡುಗಿ ಅಜ್ಜಗ ಹೇಳ್ಲಿ, ಅಜ್ಜ ನನಗ ಬಾಯಿಲೆ ಹೇಳ್ಲಿ. ಮೂರ ಪ್ರಶ್ನಿ ಕೇಳ್ತೇನಿ. ಒಂದ ಸರಿ ಆದ್ರೂ ಸಾಕು, ನಾ ಏನೂ ಬರಿಯೂದಿಲ್ಲ."

ಕುಬೇರಪ್ಪ ಮಾಸ್ತರರು ಸಮಾಧಾನದ ಉಸಿರು ಬಿಟ್ಟರು. ನಾನು ಬಾಗಿಲ ಕಡೆ ನೋಡಿದೆ. ಬಾಗಿಲ ಹೊರಗೆ ನಿಂತಿದ್ದ ಸುಶೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಬಾಯಿಂದ ಖರೆ ಅಂಕಿ ಹೇಳಿದ್ದನ್ನು ನಾವಿಬ್ಬರೂ ಒಂದು ದಿನವೂ ಕೇಳಿದವರಲ್ಲ.

"ಎಂಟ ಎತ್ತಿಗೆ ಕಾಲ ಎಷ್ಟು?"

ಟವೆಲ್ ಅಲುಗಿತು. ಕಾಕಾನ ಮುಖ ಬೆಳಗಿತು, ಉತ್ತರ ಸರಿಯಾಗಿ ಬಂದಿತ್ತು. ಅವರು ಬಾಯಿ ತೆರೆದರು. "ಇಪ್ಪತ್ತೆಂಟು" ಎಂದರು.

ಹೇಳಿ ಅವರೇ ಬೆಚ್ಚಿದರು. ಸಾಹೇಬರು ಪೆನ್ನಿನಿಂದ ಒಂದು ಗೀಟು ಹಾಕಿದರು. "ನಲವತ್ತರಾಗ ಹದಿನೈದು ಕಳೆದ್ರ?"

ಟವೆಲ್ ಮತ್ತೆ ಅಲುಗಿತು. ಕಾಕಾ ಈ ಸಲ ಕಣ್ಣು ಮುಚ್ಚಿ, ಧ್ವನಿ ಇಲ್ಲದೆ ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ನನಗೆ ತುಟಿ ಕಾಣುತ್ತಿತ್ತು, ಇಪ್ಪತ್ತೈದು ಎಂದೇ ಹೇಳಿಕೊಂಡರು. ಆಮೇಲೆ ಬಾಯಿ ಬಿಟ್ಟು "ಮೂವತ್ತು" ಎಂದರು. ಹಣೆಯಿಂದ ಬೆವರು ಇಳಿದು ಮೀಸೆಗೆ ಬಂತು. ನಲವತ್ತು ವರ್ಷ ಕಾಯ್ದುಕೊಂಡು ಬಂದ ನಾಲಿಗೆ, ಬೇಡವೆಂದರೆ ಒಂದು ಕ್ಷಣದಲ್ಲಿ ಬಿಟ್ಟೀತೇ? ಅವರನ್ನು ನೋಡಿ ಆ ಕ್ಷಣಕ್ಕೆ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಸಾಹೇಬರಿಗೂ ಕನಿಕರ ಬಂದಿರಬೇಕು. ಫೈಲು ಮುಚ್ಚಿ, ಒಂದನೆಯ ತರಗತಿಯ ಪ್ರಶ್ನೆ ಕೇಳಿದರು. "ಒಂದ ವಾರಕ್ಕ ದಿನಾ ಎಷ್ಟು?"

ಟವೆಲ್ ಅಲುಗಿತು. ಕಾಕಾ ಸಾಹೇಬರನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದರು.

"ಒಂಬತ್ತು" ಎಂದರು ಕಾಕಾ.

"ಏಳು" ಎಂಬ ಮಾತು ಕೇಳಿಸಿತು. ಯಾರು ಹೇಳಿದರು ಎಂದು ನಾವು ಮೊದಲು ಆಚೀಚೆ ನೋಡಿದೆವು. "ಏಳು ಅಜ್ಜಾ. ವಾರಕ್ಕ ಏಳ ದಿನಾ. ನಾ ಏಳ ಅಂತ ಹೇಳೇನಿ, ನೀ ಯಾಕ ಒಂಬತ್ತ ಅಂತಿ? ಮದಲಿಂದೂ ಸುಳ್ಳ ಹೇಳಿದಿ, ಅದು ಮೂವತ್ತೆರಡು. ಆಮ್ಯಾಲಿಂದು ಇಪ್ಪತ್ತೈದು. ನಾ ಎಲ್ಲಾ ಸರಿ ಹೇಳೇನಿ, ನೀ ಎಲ್ಲಾ ಕೆಡಿಸಿಬಿಟ್ಟಿ."

ಹುಡುಗಿ ಸಿಟ್ಟಿನಿಂದ ಕೆಂಪಗಾಗಿದ್ದಳು. ಕೈಯನ್ನು ಟವೆಲ್ಲಿನಿಂದ ಹೊರಗೆ ಎಳೆದುಕೊಂಡಿದ್ದಳು. ತನ್ನ ಮೂರು ಸರಿ ಉತ್ತರಗಳು ಕಣ್ಣ ಮುಂದೆ ಹಾಳಾದದ್ದು ಆಕೆಗೆ ಸಹಿಸಲಾಗಲಿಲ್ಲ. ಸುರುವಾದ ಬಾಯಿ ನಿಲ್ಲಲೂ ಇಲ್ಲ. ಒಂದನೆಯ ತರಗತಿಯಲ್ಲಿ ತನ್ನ ಸ್ಲೇಟು ಒಡೆದವರು ಯಾರು, ಕರು ತಿಂದ ಹಾಳೆಯಲ್ಲಿ ಯಾರ ಯಾರ ಹೆಸರಿತ್ತು, ಮಾಸ್ತರರ ಗಡಿಯಾರ ಎಷ್ಟು ಹಿಂದೆ ಇದೆ, ಎಲ್ಲ ಹೇಳಿದಳು. ಮೂರು ವರ್ಷದ ಬಾಕಿ ಮಾತು ಕಾಲು ತಾಸು ನಡೆಯಿತು. ಕೊನೆಗೆ ಸಾಹೇಬರೇ ಕೈ ಮುಗಿದು, "ಸಾಕವಾ ತಾಯಿ, ಕುಂಡ್ರು" ಎಂದರು. ಫೈಲಿನಲ್ಲಿ ಏನು ಬರೆದರೋ ನಾನು ನೋಡಲಿಲ್ಲ. ಹಾಸ್ಟೆಲಿನ ಮಾತು ಮತ್ತೆ ಬರಲಿಲ್ಲ.

ಚನ್ನವೀರಪ್ಪ ಬೇಕೆಂದೇ ತಪ್ಪು ಹೇಳಿದ, ದಲಾಲಿಯ ಬುದ್ಧಿ ಎಂದರೆ ಅದು ಎಂದು ಈಗ ಓಣಿಯವರೆಲ್ಲ ಹೇಳುತ್ತಾರೆ. ಕಾಕಾ ಅದನ್ನು ಅಲ್ಲಗಳೆಯುವುದಿಲ್ಲ, ಹೌದೂ ಎನ್ನುವುದಿಲ್ಲ. ನಾನು ಆ ಬೆವರನ್ನು ಹತ್ತಿರದಿಂದ ನೋಡಿದವಳು, ನಂಬುವುದಿಲ್ಲ. ತುಂಬಿದ ತರಗತಿಯಲ್ಲಿ ಮೊಮ್ಮಗಳು ಸುಳ್ಳು ಹೇಳಿದಿ ಎಂದು ಬೈದಾಗ ಅವರು ಅದೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡದ್ದನ್ನೂ ನೋಡಿದ್ದೇನೆ. ಆವತ್ತು ಸಂಜೆ ಅವರು ಗೂಟ ಕೀಳಲು ಮತ್ತೆ ಶಾಲೆಗೆ ಹೋದರು. ಕರುವನ್ನು ಮನೆಗೆ ಒಯ್ದಾಗ ಅದನ್ನು ಮರೆತು ಅಲ್ಲೇ ಬಿಟ್ಟಿದ್ದರು.

ನಾನು ಮನೆಗೆ ಬಂದು ಅಬ್ಬಾನ ಮುಂದೆ ಕೂತೆ. ಅವರು ಅಂಗಳದ ಹೊರಸಿನ ಮೇಲೆ ಚಹಾ ಕುಡಿಯುತ್ತಿದ್ದರು.

"ಕೆಲಸಾ ಮುಗೀತು. ಈಗರ ಹೇಳ್ರಿ. ಎಷ್ಟ ವಾರಕ್ಕ ಗಟ್ಟಿ ಮಾಡಿದ್ರಿ ನನ್ನ?"

ದಂಧೆಯ ಪ್ರಶ್ನೆ, ಆದ್ದರಿಂದ ಕನ್ನಡದಲ್ಲೇ ಕೇಳಿದ್ದೆ. ಅಬ್ಬಾ ಬಟ್ಟಲು ಕೆಳಗಿಟ್ಟರು. ಉತ್ತರವನ್ನು ಮಾತ್ರ ಉರ್ದುವಿನಲ್ಲಿ ಕೊಟ್ಟರು. "ಯಾವ ಅಂಕಿಯೂ ಆಗಲಿಲ್ಲ ಮಗಳೇ" ಎಂದರು. "ಟವೆಲ್ ಮುಚ್ಚಿದ ಕೂಡಲೇ ಚನ್ನವೀರಪ್ಪ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟ. ಬೆರಳು ಎಣಿಸಲಿಲ್ಲ, ಏನೂ ಇಲ್ಲ. ನಲವತ್ತು ವರ್ಷದಲ್ಲಿ ಅವನು ಅಂಕಿ ಹೇಳದೆ ಕೈ ಹಿಡಿದದ್ದನ್ನು ನಾನು ಕಂಡಿರಲಿಲ್ಲ."

"ನೀವು ಏನು ಮಾಡಿದಿರಿ?" ಎಂದು ನಾನೂ ಉರ್ದುವಿನಲ್ಲೇ ಕೇಳಿದೆ.

"ನಾನೂ ಹಿಡಿದುಕೊಂಡು ಕೂತೆ" ಎಂದರು ಅಬ್ಬಾ.